ಅಲ್ಪಫಲದ ಕೃಷಿಭೂಮಿಯ ಮರುವನ್ಯೀಕರಣ: ನೆಪ್ ಎಸ್ಟೇಟಿನ ನಿದರ್ಶನ

ಇಳುವರಿ ಕಡಿಮೆಯಾದ ನೆಲವನ್ನು ಆಧುನಿಕ ಕೃಷಿಶಾಸ್ತ್ರವು ಬಹುಕಾಲ ತಿದ್ದಬೇಕಾದ ನೆಲವೆಂದೇ ಭಾವಿಸಿತು. ಬಸಿಗಾಲುವೆ, ಹೆಚ್ಚು ಗೊಬ್ಬರ, ದೊಡ್ಡ ಯಂತ್ರ ಇವೇ ಅದರ ಪರಿಹಾರಗಳು. ಈ ಪರಿಹಾರಗಳು ಸೋತ ಮೇಲೆ ಅಂಥ ನೆಲವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಇಂಗ್ಲೆಂಡಿನ ಪಶ್ಚಿಮ ಸಸೆಕ್ಸ್‌ನಲ್ಲಿರುವ ನೆಪ್ ಎಸ್ಟೇಟು ಗಮನಾರ್ಹ ಉತ್ತರವೊಂದನ್ನು ನೀಡಿದೆ.

ಸುಮಾರು 3,500 ಎಕರೆಗಳ ಈ ಜಮೀನು 1987ರಲ್ಲಿ ಚಾರ್ಲಿ ಬರೆಲ್ ಅವರಿಗೆ ವಂಶಪಾರಂಪರ್ಯವಾಗಿ ಬಂದಿತು. ಅಲ್ಲಿಯದು ಅಂಟು ಜೇಡಿಮಣ್ಣು. ಚಳಿಗಾಲದಲ್ಲಿ ಯಂತ್ರ ಇಳಿಸಲಾಗದಷ್ಟು ಕೆಸರು, ಬೇಸಿಗೆಯಲ್ಲಿ ಬಿರುಕುಬಿಟ್ಟ ಗಟ್ಟಿನೆಲ. ಬೇಸಾಯವನ್ನೂ ಹೈನುಗಾರಿಕೆಯನ್ನೂ ತೀವ್ರಗೊಳಿಸಿದರೂ ಬೆಳೆದದ್ದು ಸಾಲವೇ. ಕೊನೆಗೆ 2000ದಲ್ಲಿ ಹೈನುರಾಸುಗಳನ್ನೂ ಯಂತ್ರಗಳನ್ನೂ ಮಾರಿ, ಹೊಲಗಳನ್ನು ಹಂತಹಂತವಾಗಿ ಉಳುಮೆಯಿಂದ ಬಿಡಿಸಲಾಯಿತು. ಈ ವೃತ್ತಾಂತವನ್ನು ಬರೆಲ್ ಅವರ ಪತ್ನಿ ಇಸಬೆಲಾ ಟ್ರೀ 2018ರ 'ವೈಲ್ಡಿಂಗ್' ಗ್ರಂಥದಲ್ಲಿ ದಾಖಲಿಸಿದ್ದಾರೆ.

ಉಳುಮೆ ನಿಂತ ಹೊಲ ತಾನಾಗಿಯೇ ದಟ್ಟವಾದ, ಬೆಳಕು ಇಳಿಯದ ಕಾಡಾಗುತ್ತದೆಂಬುದು ರೂಢಿಯ ಅಭಿಪ್ರಾಯ. ಡಚ್ ಪರಿಸರವಿಜ್ಞಾನಿ ಫ್ರಾನ್ಸ್ ವೆರಾ ಇದನ್ನು ಪ್ರಶ್ನಿಸಿ, ಪ್ರಾಚೀನ ಯುರೋಪಿನಲ್ಲಿ ದೊಡ್ಡ ಮೇಯುವ ಪ್ರಾಣಿಗಳು ಬಯಲು, ಪೊದೆ, ತೋಪುಗಳನ್ನು ಬೆರೆಸಿಟ್ಟಿದ್ದವೆಂದು ವಾದಿಸಿದರು. ಪ್ರಾಚೀನ ಪರಾಗಕಣಗಳ ಅಧ್ಯಯನ ಮಾಡಿದವರಲ್ಲಿ ಈ ವಾದಕ್ಕೆ ವಿರೋಧವುಂಟು. ನೆಪ್ ಮಾತ್ರ ಅದರಿಂದಲೇ ಪ್ರೇರಣೆ ಪಡೆದು ಲಾಂಗ್‌ಹಾರ್ನ್ ದನ, ಎಕ್ಸ್‌ಮೂರ್ ಕುದುರೆ, ಟ್ಯಾಮ್‌ವರ್ತ್ ಹಂದಿ ಹಾಗೂ ಜಿಂಕೆಗಳನ್ನು ಬಿಟ್ಟಿತು. ಒಂದೊಂದರ ಬಾಯಿಯ ಕೆಲಸವೂ ಬೇರೆ. ಹಂದಿ ನೆಲವನ್ನು ಕೆದರಿ ಬೀಜಕ್ಕೆ ಎಡೆಮಾಡುತ್ತದೆ. ಕುದುರೆ ಹುಲ್ಲನ್ನು ಬುಡಮಟ್ಟ ಕತ್ತರಿಸುತ್ತದೆ. ದನ ಪೊದೆಯನ್ನು ಮುರಿದು, ಸಗಣಿಯಲ್ಲಿ ಬೀಜ ಸಾಗಿಸುತ್ತದೆ. ಜೇ ಹಕ್ಕಿ ಹೂತಿಟ್ಟ ಓಕ್ ಬೀಜ ಮುಳ್ಳುಪೊದೆಯ ನಡುವೆ ಮೊಳೆತರೆ ಆ ಮುಳ್ಳೇ ಸಸಿಗೆ ಬೇಲಿ. ಬರಿದಾಗಿದ್ದ ತೇವದ ಜೇಡಿಯಲ್ಲಿ ವಿಲೋ ಜಾತಿಯ ಗಿಡಗಳು ಹಬ್ಬಿದವು; ಅವುಗಳ ಎಲೆಯನ್ನು ತಿಂದು ಬೆಳೆಯುವ ಪರ್ಪಲ್ ಎಂಪರರ್ ಎಂಬ ಅಪರೂಪದ ಚಿಟ್ಟೆ ಹೇರಳವಾಯಿತು. ಬ್ರಿಟನ್ನಿನಲ್ಲಿ ಕ್ಷೀಣಿಸುತ್ತಿರುವ ನೈಟಿಂಗೇಲ್ ಹಾಗೂ ಟರ್ಟಲ್ ಡವ್ ಪಕ್ಷಿಗಳು ಇಲ್ಲಿ ನೆಲೆಸಿದವು. ಮರುಪರಿಚಯಿಸಲಾದ ಬಿಳಿ ಕೊಕ್ಕರೆಗಳು 2020ರಲ್ಲಿ ಮರಿಮಾಡಿದವು.

ಆದರೆ ಬೇಟೆಪ್ರಾಣಿಗಳಿಲ್ಲದ ಬೇಲಿಯೊಳಗೆ ಮೇಯುವವುಗಳ ಸಂಖ್ಯೆಗೆ ಮಿತಿ ಹಾಕುವವರಾರು? ನೆದರ್‌ಲ್ಯಾಂಡ್ಸ್‌ನ ಓಸ್ಟ್‌ವಾರ್ಡರ್ಸ್‌ಪ್ಲಾಸನ್ ಮೀಸಲು ಪ್ರದೇಶದಲ್ಲಿ ಈ ಹೊಣೆಯನ್ನು ಬಹುಮಟ್ಟಿಗೆ ಪ್ರಕೃತಿಗೇ ಬಿಟ್ಟ ಪರಿಣಾಮವಾಗಿ 2017-18ರ ಚಳಿಗಾಲದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪ್ರಾಣಿಗಳು ಅಳಿದವು. ಹಸಿವಿನಿಂದ ಕುಗ್ಗಿದ ಬಹುಪಾಲನ್ನು ಗುಂಡಿಕ್ಕಿಯೇ ಕೊಲ್ಲಬೇಕಾಯಿತು. ನೆಪ್‌ನಲ್ಲಿ ಹೆಚ್ಚುವರಿ ಪ್ರಾಣಿಗಳನ್ನು ತೆಗೆದು ಮಾಂಸವನ್ನು ಮಾರಲಾಗುತ್ತದೆ. ಈ ಕಾರಣದಿಂದ ಅದನ್ನು ಕೃಷಿಯ ತ್ಯಾಗವೆನ್ನುವುದಕ್ಕಿಂತ ಕೃಷಿಯ ರೂಪಾಂತರವೆನ್ನುವುದು ಸಮಂಜಸ.

ಧಾನ್ಯ ಬೆಳೆಯುವ ನೆಲ ಕಾಡಾದರೆ ಆಹಾರ ಎಲ್ಲಿಂದ ಎಂಬ ಆಕ್ಷೇಪ ಹಗುರವಾದುದಲ್ಲ. ಫಲವತ್ತಾದ ಭೂಮಿಯ ವಿಷಯದಲ್ಲಿ ಅದು ಪೂರ್ಣ ಸತ್ಯ. ನಷ್ಟದಲ್ಲಿಯೇ ಬೆಳೆಯುತ್ತಿದ್ದ ಜೇಡಿನೆಲಕ್ಕೆ ಅದನ್ನು ಅನ್ವಯಿಸುವಾಗ ಅದರ ತೂಕ ತಗ್ಗುತ್ತದೆ.

ಕರ್ನಾಟಕದ ಪಹಣಿಯಲ್ಲಿ ಸಾಗುವಳಿಗೆ ಒದಗದ ನೆಲಕ್ಕೆ 'ಖರಾಬು' ಎಂಬ ಹೆಸರುಂಟು. ಆದರೆ ನೆಪ್‌ನ ವಿಧಾನವನ್ನು ಇಲ್ಲಿಗೆ ನೇರವಾಗಿ ತರುವಂತಿಲ್ಲ. ಅಲ್ಲಿ ಸಾವಿರಾರು ಎಕರೆ ಒಬ್ಬರ ಒಡೆತನದಲ್ಲಿದೆ. ಇಲ್ಲಿನ ಹಿಡುವಳಿಗಳು ಚಿಕ್ಕವು. ಬೀಳುಬಿಟ್ಟ ನೆಲವನ್ನು ಲಂಟಾನ, ಬಳ್ಳಾರಿ ಜಾಲಿಗಳು ಬೇಗನೆ ಆಕ್ರಮಿಸುತ್ತವೆ. ಹೋಲಿಕೆ ಬೇಕಿದ್ದರೆ ಅಮೃತಮಹಲ್ ಕಾವಲುಗಳನ್ನು ನೋಡಬೇಕು. ದನ ಮೇಯಿಸಲೆಂದೇ ಕಾದಿರಿಸಿದ ಆ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗಗಳಿಗೂ ಆಶ್ರಯ ದೊರಕಿತ್ತು.