‘ಬೀಟಾ’ ಫಾಂಟ್ ನಂಬಬಹುದೇ?

ಪ್ರಶ್ನೆ: ಮನೆಯ ತಾಳೆಗರಿ ಗ್ರಂಥವನ್ನು ತುಳು ಲಿಪಿಯಲ್ಲೇ ಟೈಪ್ ಮಾಡಬೇಕು. ಸಿಕ್ಕಿದ ಫಾಂಟ್ ‘ಬೀಟಾ’ ಎನ್ನುತ್ತಿದೆ. ಬಳಸಲೇ?
– ಓದುಗರು, ಕಾರ್ಕಳ

ಉತ್ತರ: ಕೈ ಪಳಗಿಸಲು ಧಾರಾಳವಾಗಿ ಬಳಸಿ. ಗ್ರಂಥಕ್ಕೆ ಕೈಹಾಕುವ ಮೊದಲು ಅಕ್ಷರಗಳ ಸಂಕೇತ ಯಾವುದೆಂದು ನೋಡಿ. ಬೀಟಾ ಎಂದರೆ ಕೆಲಸ ಬಹುಪಾಲು ಆಗಿದೆ, ತಪ್ಪು ಹುಡುಕುವುದು ಬಾಕಿ ಎಂದರ್ಥ. ಒತ್ತಕ್ಷರ ಅಂದಗೆಟ್ಟರೆ ಮುಂದಿನ ಆವೃತ್ತಿಯಲ್ಲಿ ಸರಿಹೋದೀತು. ಸಂಕೇತವೇ ಬದಲಾದರೆ ಮಾತ್ರ ಬರೆದದ್ದೆಲ್ಲ ವ್ಯರ್ಥ. ಕನ್ನಡದ ಸಂಕೇತಗಳ ಮೇಲೆ ತುಳು ಅಕ್ಷರ ಕೂರಿಸಿದ ಫಾಂಟ್ ತೆಗೆದು ನೋಡಿ, ಪರದೆಯಲ್ಲಿ ಉಳಿಯುವುದು ಕನ್ನಡ ಲಿಪಿ!

2024ರ ಸೆಪ್ಟೆಂಬರಿನಲ್ಲಿ ಅಕ್ಷರ ಸಂಕೇತಗಳ ಜಾಗತಿಕ ಮಾನದಂಡವಾದ ಯೂನಿಕೋಡ್ ತನ್ನ 16.0 ಆವೃತ್ತಿಯಲ್ಲಿ ತುಳು ಲಿಪಿಗೆ, ‘ತುಳು-ತಿಗಳಾರಿ’ ಎಂಬ ಹೆಸರಲ್ಲಿ, 80 ಸಂಕೇತ ಕೊಟ್ಟಿತು. ನಿಮ್ಮ ಫಾಂಟಿನಲ್ಲಿ ಇರಬೇಕಾದ್ದು ಇವೇ. ಮೊದಲ ಕರಡು ಹಂತದಲ್ಲಿ ಅವು ಬದಲಾಗಬಹುದಿತ್ತು. ಬಿಡುಗಡೆಯಾದ ಮೇಲೆ ಅಕ್ಷರದ ಜಾಗ, ಹೆಸರು ಎಂದೂ ಬದಲಾಗದೆಂದು ಯೂನಿಕೋಡ್ ಬರೆದುಕೊಟ್ಟಿದೆ. ಫಾಂಟಿನ ಹಣೆಪಟ್ಟಿಯೂ ಇಷ್ಟು ಸ್ಪಷ್ಟವಾಗಿ ಹೇಳಲಿ: ಇಂದು ಬರೆದ ಕಡತ ನಾಳೆಯೂ ಹೀಗೇ ತೆರೆಯುತ್ತದೆಯೇ, ಇಲ್ಲವೇ?