ನೆರೆ ಬಂತು, ಡಿಸ್ಕು ಬರಲಿಲ್ಲ!

ಚಿತ್ರಪ್ರೇಮಿ ಗೆಳೆಯರೇ, ನಿಮಗೊಂದು ಪ್ರಶ್ನೆ. ಕ್ಲೈಮಾಕ್ಸ್ ನೋಡದೆ ಟಾಕೀಸಿನಿಂದ ಎದ್ದು ಬಂದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ಬೇರಾರೂ ಅಲ್ಲ, ನನ್ನ ಅಪ್ಪ!

ಚಿತ್ರ ಯಾವುದು ಅಂತೀರಾ? ‘ಭೂತಯ್ಯನ ಮಗ ಅಯ್ಯು’. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕತೆ, ಸಿದ್ದಲಿಂಗಯ್ಯನವರ ನಿರ್ದೇಶನ, ಗುಳ್ಳನಾಗಿ ವಿಷ್ಣುವರ್ಧನ್, ಅಯ್ಯುವಾಗಿ ಲೋಕೇಶ್, ಭೂತಯ್ಯನಾಗಿ ಎಂ.ಪಿ. ಶಂಕರ್. ಲೋಕನಾಥರ ಉಪ್ಪಿನಕಾಯಿ ಪ್ರಸಂಗವನ್ನು ಮರೆತವರುಂಟೇ? 1974ರ ಈ ಚಿತ್ರವನ್ನು ಅಪ್ಪ ಮರುವರ್ಷ ಮಂಗಳೂರಿನ ಒಂದು ಟಾಕೀಸಿನಲ್ಲಿ, ಸಂಜೆಯ ಆಟಕ್ಕೆ ನೋಡಿದರು. ತೆರೆಯ ಮೇಲೆ ಊರಿಗೆ ನೆರೆ ನುಗ್ಗಿತು. ಅಷ್ಟರಲ್ಲಿ ಅಪ್ಪನ ಕಣ್ಣು ಗಡಿಯಾರದ ಕಡೆ ಹೋಯಿತು. ಲಾಸ್ಟ್ ಬಸ್ಸು! ತಪ್ಪಿದರೆ ರಾತ್ರಿಯಿಡೀ ಬಸ್ ಸ್ಟ್ಯಾಂಡೇ ಗತಿ. ಎದ್ದು ಓಡಿದರು.

ಅಲ್ಲಿಂದ ಶುರುವಾಯಿತು ನೋಡಿ ಈ ಕತೆ.

ಕೇಳಿದ್ದು ಬೇರೆ, ಕಂಡದ್ದು ಬೇರೆ

ನಮ್ಮೂರು ಗುರುವಾಯನಕೆರೆ. ಬಂಟ್ವಾಳ, ಮಡಂತ್ಯಾರು ದಾಟಿ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ, ವೇಣೂರಿಗೊಂದು ಉಪ್ಪಿನಂಗಡಿಗೊಂದು ರಸ್ತೆ ಒಡೆಯುವ ಜಾಗ. ಬಸ್ಸಿಗೆ ಕಾಯುವುದರಲ್ಲಿ ನಾವು ನಿಪುಣರು. ಸಿನಿಮಾಕ್ಕೆ ಕಾಯುವುದರಲ್ಲೂ ಅಷ್ಟೆ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಶುಕ್ರವಾರ ಬಿಡುಗಡೆಯಾದ ಚಿತ್ರದ ಪೆಟ್ಟಿಗೆ ದೊಡ್ಡ ಊರುಗಳನ್ನೆಲ್ಲ ಸುತ್ತಿ, ಗೀರು ಬಿದ್ದು, ಬಸ್ಸಿನ ಮೇಲೆ ಕೂತು ನಮ್ಮ ಕಡೆಗೆ ಬರುವಾಗ ತಿಂಗಳುಗಳೇ ಕಳೆಯುತ್ತಿದ್ದವು. ತಡವಾದರೂ ಪೆಟ್ಟಿಗೆ ಬರುತ್ತಿತ್ತು. ಆ ನಂಬಿಕೆ ಇತ್ತು.

ಅಪ್ಪನಿಗೆ ಚಿತ್ರದ ಕೊನೆಯನ್ನು ಹೇಳದವರಿಲ್ಲ. ಹೋಟೆಲಿನಲ್ಲಿ ಹೇಳಿದರು, ಮದುವೆ ಮನೆಯಲ್ಲಿ ಹೇಳಿದರು. ಅಪ್ಪ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು: “ಕೇಳಿದ್ದು ಬೇರೆ ಮಾರಾಯ, ಕಂಡದ್ದು ಬೇರೆ. ನೆರೆ ಬಂದದ್ದನ್ನು ಕಂಡಿದ್ದೇನೆ, ಇಳಿದದ್ದನ್ನು ಕಾಣಬೇಕು!” ಅವರ ಹಟಕ್ಕೆ ಕಾರಣವೂ ಉಂಟು. 1974ರಲ್ಲೇ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಯೊಳಗೆ ಬಂದಿತ್ತು. 1923ರ ನೆರೆಯ ನಂತರ ಹಿರಿಯರು ನೆನೆಯುವುದು ಆ ನೆರೆಯನ್ನೇ. ಆ ನೀರನ್ನು ಅಪ್ಪ ಕಣ್ಣಾರೆ ಕಂಡವರು.

ಒಮ್ಮೆ ಟಿವಿಯಲ್ಲಿ ಈ ಚಿತ್ರ ಬಂತು. ಮನೆಮಂದಿಯೆಲ್ಲ ಕೂತೆವು. ಸರಿಯಾಗಿ ನೆರೆಯ ಹೊತ್ತಿಗೆ ಕರೆಂಟು ಹೋಯಿತು! ಅಪ್ಪ ಕತ್ತಲಲ್ಲೇ ನಕ್ಕುಬಿಟ್ಟರು.

ಮನೆ ಬಾಗಿಲಿಗೇ ಸಿನಿಮಾ!

2007. ನಾನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದೆ. ಅಪ್ಪನಿಗೆ ಕಣ್ಣಿನ ಒತ್ತಡದ ಕಾಯಿಲೆ ಹಿಡಿದಿತ್ತು. “ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು” ಎಂದರು ಡಾಕ್ಟರು. ಮನೆಗೆ ಬಂದ ಅಪ್ಪ ಯಾವ ಆಸೆಯನ್ನೂ ಹೇಳಲಿಲ್ಲ. ಮೆಲ್ಲಗೆ, “ಆ ಅಯ್ಯುವಿನ ಸಿನಿಮಾ ಎಲ್ಲಾದರೂ ಸಿಕ್ತದಾ ಮಗಾ?” ಎಂದರು. ಎದೆ ಚುರ್ ಎಂದಿತು.

ಆಗ ಬೆಂಗಳೂರು, ಮುಂಬೈಗಳಲ್ಲಿ ಹೊಸ ವ್ಯಾಪಾರ ಶುರುವಾಗಿತ್ತು. ತಿಂಗಳಿಗಿಷ್ಟು ಎಂದು ಕಟ್ಟಿದರೆ ಸಿನಿಮಾ ಡಿಸ್ಕು ಮನೆಗೇ ಬರುತ್ತದೆ. ಬೇಕಾದ ಚಿತ್ರಗಳ ಪಟ್ಟಿ ಮಾಡಿಡಬೇಕು. ಮೂರು ಡಿಸ್ಕು ಕೊಡುತ್ತಾರೆ. ಒಂದು ವಾಪಸಾದರೆ ಪಟ್ಟಿಯ ಮುಂದಿನದು ಹೊರಡುತ್ತದೆ. ಎಷ್ಟು ದಿನ ಇಟ್ಟುಕೊಂಡರೂ ದಂಡವಿಲ್ಲ! ಇಂಥ ಕಂಪನಿಗಳು ಹಲವು ಇದ್ದವು. ನಾನು ಸೇರಿದ್ದರ ಹೆಸರು ಇಲ್ಲಿ ಬೇಡ. ಅವರ ಪಟ್ಟಿಯಲ್ಲಿ ‘ಭೂತಯ್ಯನ ಮಗ ಅಯ್ಯು’ ಕಂಡದ್ದೇ ತಡ, ಹಣ ಕಟ್ಟಿಬಿಟ್ಟೆ.

ಮೊದಲ ವಾರ ಬಂದದ್ದು ಮೂರು ಹಿಂದಿ ಚಿತ್ರಗಳು. ಎರಡನೆಯ ವಾರ ಇಂಗ್ಲಿಷು. ಪಟ್ಟಿಯ ತಲೆಯಲ್ಲಿ ಅಯ್ಯು ಕೂತೇ ಇದ್ದ, ಅವನ ಪಕ್ಕದಲ್ಲಿ ‘ಕಾಯಬೇಕು’ ಎಂಬ ಮಾತೂ ಕೂತೇ ಇತ್ತು. ಒಂದು ತಿಂಗಳಾಯಿತು, ಎರಡಾಯಿತು. ಊರಿಂದ ಫೋನು:

“ಎಂತ ಮಗಾ, ಬಂತಾ?”

“ಇಲ್ಲ ಅಪ್ಪಾ, ಕ್ಯೂವಿನಲ್ಲಿ ಉಂಟು.”

“ಸಿನಿಮಾಕ್ಕೂ ಕ್ಯೂವಾ? ಅದೆಂತ ಸೊಸೈಟಿಯ ಸಕ್ಕರೆಯಾ?”

ಸಿಟ್ಟು ಬಂದು ಕಂಪನಿಗೆ ಫೋನು ಮಾಡಿ ಜಗಳಾಡಿದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ ಹೇಳಿದಳು: “ಸರ್, ನಮ್ಮಲ್ಲಿರೋದು ಒಂದೇ ಪ್ರತಿ. ಅದು ಇನ್ನೊಬ್ಬ ಮೆಂಬರ್ ಹತ್ರ ಇದೆ. ಅವರು ವಾಪಸ್ ಕೊಟ್ಟ ತಕ್ಷಣ ನಿಮಗೇ.”

“ಯಾವಾಗ ಕೊಡ್ತಾರೆ?”

“ದಂಡ ಇಲ್ವಲ್ಲ ಸರ್, ಹೇಳೋಕಾಗಲ್ಲ.”

ನೋಡಿದಿರಾ ತಮಾಷೆ! ಯಾವ ಮಾತಿಗೆ ಮರುಳಾಗಿ ನಾನು ಸೇರಿದೆನೋ, ಅದೇ ಮಾತು ನನ್ನ ಕತ್ತು ಹಿಡಿದಿತ್ತು.

ಅಮೆರಿಕದಲ್ಲೂ ಇದೇ ಹಾಡು

ಇದು ನಮ್ಮ ದೇಶದ ಕರ್ಮ ಅಂದುಕೊಳ್ಳಬೇಡಿ. ಅಮೆರಿಕದ ನೆಟ್‌ಫ್ಲಿಕ್ಸ್ ಕಂಪನಿ ಅಂಚೆಯಲ್ಲಿ ಡಿಸ್ಕು ಕಳಿಸಲು ಶುರುಮಾಡಿದ್ದು 1998ರಲ್ಲಿ. ತಿಂಗಳ ಹಣ ಒಂದೇ, ಹೋಗಿಬರುವ ಅಂಚೆವೆಚ್ಚ ಕಂಪನಿಯದು. ಲೆಕ್ಕ ಹಾಕಿ: ತಿಂಗಳಿಗೆ ನಾಲ್ಕು ಚಿತ್ರ ನೋಡುವವನಿಂದ ಲಾಭ. ಬಂದ ದಿನವೇ ನೋಡಿ ಮರುದಿನವೇ ವಾಪಸು ಕಳಿಸುವ ನಮ್ಮಂಥ ಸಿನಿಮಾ ಹುಚ್ಚರಿಂದ ನಷ್ಟ! ಹಾಗಾಗಿ ಹೆಚ್ಚು ನೋಡುವವನನ್ನು ಸಾಲಿನಲ್ಲಿ ಹಿಂದಕ್ಕೆ, ಕಡಿಮೆ ನೋಡುವವನನ್ನು ಮುಂದಕ್ಕೆ ಹಾಕಲಾಗುತ್ತಿತ್ತು. ಇದನ್ನು ಪತ್ತೆಹಚ್ಚಿದ ಒಬ್ಬ ಗಿರಾಕಿ 2004ರಲ್ಲಿ ಕೋರ್ಟಿಗೇ ಹೋದ. 2005ರಲ್ಲಿ ಕಂಪನಿ ತನ್ನ ನಿಯಮದಲ್ಲೇ ಈ ವಿಷಯವನ್ನು ಬರೆದು ಒಪ್ಪಿಕೊಂಡಿತು, ರಾಜಿಯೂ ಆಯಿತು. ಗಿರಾಕಿಗಳ ಕೈಗೆ ಬಂದದ್ದು? ಒಂದು ತಿಂಗಳ ಬಿಟ್ಟಿ ಸೇವೆ! 2023ರ ಸೆಪ್ಟೆಂಬರ್ 29ರಂದು ನೆಟ್‌ಫ್ಲಿಕ್ಸ್ ಕೊನೆಯ ಡಿಸ್ಕನ್ನು ಅಂಚೆಗೆ ಹಾಕಿ ಆ ಅಂಗಡಿಯನ್ನು ಮುಚ್ಚಿತು.

ನಮ್ಮಲ್ಲಿ ಅಷ್ಟು ಕಾಲವೂ ನಡೆಯಲಿಲ್ಲ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ನಿಂತಿತು. ಒಂದು ಊಟದ ಬೆಲೆಗೆ ಡಿಸ್ಕೇ ಸ್ವಂತಕ್ಕೆ ಸಿಗುವಾಗ ಬಾಡಿಗೆಗೆ ಕಾಯುವವರಾರು?

ಕಳ್ಳ ಯಾರು?

ಇನ್ನು ನನ್ನ ಕತೆಗೆ ಬರೋಣ. ಅಯ್ಯುವನ್ನು ಹಿಡಿದಿಟ್ಟ ಆ ಅಜ್ಞಾತ ಮೆಂಬರಿಗೆ ನಾನು ದಿನವೂ ಶಾಪ ಹಾಕುತ್ತಿದ್ದೆ. ಒಂದು ದಿನ ಮಂಚದ ಕೆಳಗೆ ಚಪ್ಪಲಿ ಹುಡುಕುವಾಗ ಕಂಪನಿಯ ಒಂದು ಲಕೋಟೆ ಕೈಗೆ ಬಂತು. ತಿಂಗಳ ಹಿಂದೆ ಬಂದದ್ದು, ಒಡೆದೂ ಇರಲಿಲ್ಲ! ಒಳಗೆ ಒಂದು ಹಳೆಯ ಕಪ್ಪು-ಬಿಳುಪು ಹಿಂದಿ ಚಿತ್ರ. ಅದಕ್ಕಾಗಿ ಯಾವ ಊರಿನ ಯಾವ ಮಗ, ಯಾವ ಅಪ್ಪನಿಗೆ “ಕ್ಯೂವಿನಲ್ಲಿ ಉಂಟು” ಎನ್ನುತ್ತಿದ್ದನೋ! ಶಾಪ ನಿಂತಿತು. ಅವತ್ತೇ ಮೂರನ್ನೂ ವಾಪಸು ಕೊಟ್ಟು ಲೆಕ್ಕ ಮುಗಿಸಿದೆ.

ಆ ಶನಿವಾರ ಊರಿನ ಬಸ್ಸಿಗೆಂದು ಮೆಜೆಸ್ಟಿಕ್‌ಗೆ ಹೋದವನು ಸುಮ್ಮನೆ ಒಂದು ಡಿಸ್ಕಿನ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವ ತಲೆಯನ್ನೂ ಎತ್ತದೆ ಕೈಚಾಚಿ ಕೊಟ್ಟ: ‘ಭೂತಯ್ಯನ ಮಗ ಅಯ್ಯು’! ಎರಡು ತಿಂಗಳು ಕಾದದ್ದು ಎರಡು ನಿಮಿಷದಲ್ಲಿ ಸಿಕ್ಕಿತ್ತು. ರಾತ್ರಿಯಿಡೀ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅದನ್ನು ಎದೆಗವುಚಿಕೊಂಡು ಕೂತಿದ್ದೆ.

ಬೆಳಗ್ಗೆ ಅಪ್ಪ ಕುರ್ಚಿಯನ್ನು ಟಿವಿಯ ಹತ್ತಿರ, ಇನ್ನೂ ಹತ್ತಿರ ಎಳೆದುಕೊಂಡರು. ನಾನು ಮೊದಲ ಡಿಸ್ಕು ಹಾಕಲು ಹೋದರೆ, “ಅದು ಬೇಡ, ಕೊನೆಯದ್ದು ಹಾಕು. ಕರೆಂಟನ್ನು ನಂಬಲಿಕ್ಕಾಗುವುದಿಲ್ಲ” ಎಂದರು!

ನೆರೆ ಬಂತು. ಅಪ್ಪ ಉಸಿರು ಬಿಗಿಹಿಡಿದರು. ಗುಳ್ಳ-ಅಯ್ಯು ನಡುವಿನ ಹಗೆ ಆ ನೀರಲ್ಲಿ ತೊಳೆದುಹೋಯಿತು. ಚಿತ್ರ ಮುಗಿದ ಮೇಲೂ ಬಹಳ ಹೊತ್ತು ಮಾತಿಲ್ಲ. ಆಮೇಲೆ, “ಬಂಟ್ವಾಳದ ನೀರು ಇದಕ್ಕಿಂತ ಜಾಸ್ತಿ ಇತ್ತು” ಅಂದರು. ಕಣ್ಣೊರೆಸಿಕೊಂಡು, “ಇನ್ನು ಮೊದಲಿಂದ ಹಾಕು” ಅಂದರು.

ಮರುವಾರ ಕಂಪನಿಯಿಂದ ಸಂದೇಶ ಬಂತು: ನೀವು ಕೇಳಿದ ಚಿತ್ರ ಈಗ ಲಭ್ಯವಿದೆ, ಮತ್ತೆ ಸದಸ್ಯರಾಗಿ! ನಗಬೇಕೋ ಅಳಬೇಕೋ ನೀವೇ ಹೇಳಿ.

ಈಗ ಅಪ್ಪನಿಗೆ ತೆರೆ ಕಾಣುವುದಿಲ್ಲ. ಮೊಮ್ಮಕ್ಕಳು ಫೋನಿನಲ್ಲಿ ಚಿತ್ರ ಹಾಕಿದರೆ ಕೂತು ಕೇಳುತ್ತಾರೆ. ಆದರೆ ಅಯ್ಯುವಿನ ಕೊನೆಯನ್ನು ಮಾತ್ರ ಅವರಿಗೆ ಯಾರೂ ಹೇಳಬೇಕಾಗಿಲ್ಲ. ಈಗ ಅವರೇ ಎಲ್ಲರಿಗೂ ಹೇಳುತ್ತಾರೆ, ಕಂಡವರ ಗತ್ತಿನಲ್ಲಿ!

ಗೆಳೆಯರೇ, ನಿಮ್ಮ ಮನೆಯ ಹಿರಿಯರು ಅರ್ಧಕ್ಕೆ ಬಿಟ್ಟು ಬಂದ ಚಿತ್ರ ಯಾವುದು? ಇವತ್ತೇ ಕೇಳಿ ನೋಡಿ. ಹಾಗೆಯೇ, ಯಾರದಾದರೂ ಡಿಸ್ಕೋ ಪುಸ್ತಕವೋ ನಿಮ್ಮ ಮಂಚದ ಕೆಳಗಿದ್ದರೆ, ದಯವಿಟ್ಟು ವಾಪಸು ಕೊಟ್ಟುಬಿಡಿ. ಯಾರೋ ಕಾಯುತ್ತಿರಬಹುದು.