‘ಅಕಬಾರ್’: ಮುಗಿಯುವುದು, ಮುಗಿಸುವುದು ಮತ್ತು ನಮ್ಮ ಕನ್ನಡ



ಕಾಲೇಜಿನಲ್ಲಿ ಒಂದು ವಿಷಯವಾಗಿಯೋ, ನೌಕರಿಗೆ ಅನುಕೂಲವಾದೀತೆಂದೋ ಸ್ಪ್ಯಾನಿಷ್ ಕಲಿಯುತ್ತಿರುವವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಆ ಭಾಷೆಯನ್ನು ಕಲಿಸುತ್ತಾರೆ. ಸ್ಪೇನ್ ಸರ್ಕಾರ 1991ರಲ್ಲಿ ಸ್ಥಾಪಿಸಿದ ಸೆರ್ವಾಂಟಿಸ್ ಸಂಸ್ಥೆಯ ಕೇಂದ್ರವೂ ದೆಹಲಿಯಲ್ಲಿದೆ. ಸುಮಾರು 20 ದೇಶಗಳಲ್ಲಿ ಆಡಳಿತ ಭಾಷೆಯಾಗಿರುವ ನುಡಿ ಅದು. ಕಲಿಯಿರಿ, ಸಂತೋಷ. ಆದರೆ ಅದರ ಒಂದು ಕ್ರಿಯಾಪದವನ್ನು ಕಲಿಯುವಾಗ ಪಕ್ಕದಲ್ಲೇ ನಿಮ್ಮ ಮನೆಮಾತನ್ನೂ ಇಟ್ಟುಕೊಂಡು ನೋಡಿ ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ಆ ಕ್ರಿಯಾಪದ ‘ಅಕಬಾರ್’. ಮೊಗಲ್ ದೊರೆ ಅಕ್ಬರನಿಗಾಗಲಿ, ಹಿಂದಿಯ ‘ಅಖಬಾರ್’ಗಾಗಲಿ ಇದಕ್ಕೂ ಯಾವ ನಂಟೂ ಇಲ್ಲ. ಒತ್ತು ಕೊನೆಯ ‘ಬಾರ್’ ಮೇಲೆ ಬೀಳುತ್ತದೆ. ‘ಬ’ ಎನ್ನುವಾಗ ತುಟಿಗಳು ಪೂರ್ತಿ ಮುಚ್ಚುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ‘ಕಾಬೊ’ ಎಂದರೆ ತುದಿ. ಅದು ತಲೆ ಎಂಬ ಅರ್ಥದ ಲ್ಯಾಟಿನ್ ಪದ ‘ಕಾಪುಟ್’ನಿಂದ ಬಂದದ್ದು. ತುದಿ ಮುಟ್ಟಿಸುವುದೇ ಅಕಬಾರ್; ನಮ್ಮ ‘ಕೊನೆ’ಯಿಂದ ‘ಕೊನೆಗೊಳ್ಳು’ ಹುಟ್ಟಿದ ಹಾಗೆ.

ಮೊದಲು ಸುಲಭದ ಬಳಕೆ. ‘ಅಕಬೇ ಎಲ್ ತ್ರಬಾಹೊ’ ಎಂದರೆ ‘ಕೆಲಸ ಮುಗಿಸಿದೆ’. ಅದಕ್ಕೆ ‘ಸೆ’ ಎಂಬ ಪುಟ್ಟ ಪದ ಸೇರಿದರೆ ಮುಗಿಸುವವನು ಮರೆಯಾಗುತ್ತಾನೆ, ವಸ್ತು ತಾನೇ ಮುಗಿಯುತ್ತದೆ. ‘ಸೆ ಅಕಬೋ ಎಲ್ ಅರ್ರೋಸ್’ ಎಂದರೆ ‘ಅಕ್ಕಿ ಮುಗಿಯಿತು’. ನಮ್ಮಲ್ಲಿ ಈ ಕೆಲಸವನ್ನು ‘ಮುಗಿ’ ಮತ್ತು ‘ಮುಗಿಸು’ ಎಂಬ ಎರಡು ರೂಪಗಳು ಮಾಡುತ್ತವೆ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳ ಬಾಯಲ್ಲಿ ‘ನಾನು ಹೋಂವರ್ಕ್ ಮುಗಿದೆ’ ಎಂಬ ಮಾತು ಕೇಳಿಬರುವುದುಂಟು. ಮರಾಠಿಯಲ್ಲಿ ‘ಸಂಪಲಂ’ ಮತ್ತು ‘ಸಂಪವಲಂ’ ಬೇರೆಬೇರೆ ಎಂದು ತಿಳಿದ ಪುಣೆಯ ಹುಡುಗನಿಗೆ ಇದು ಕಷ್ಟವೇ? ಅಂದಹಾಗೆ, ನಮ್ಮ ಕೆಲವು ಮನೆಗಳಲ್ಲಿ ಹಿರಿಯರು ‘ಅಕ್ಕಿ ಮುಗಿಯಿತು’ ಎನ್ನುವುದಿಲ್ಲ, ‘ಅಕ್ಕಿ ತುಂಬಿದೆ’ ಎನ್ನುತ್ತಾರೆ. ಅನ್ನಕ್ಕೆ ಅಶುಭದ ಮಾತು ತಾಗಬಾರದೆಂಬ ಕಾಳಜಿ ಅದು. ಆ ನಯ ಸ್ಪ್ಯಾನಿಷ್‌ನ ಅಕ್ಕಿಗೆ ಇಲ್ಲ.

ಎರಡನೆಯದು ‘ದೆ’ ಸೇರಿದಾಗಿನ ಅರ್ಥ. ‘ಅಕಾಬೊ ದೆ ಕೊಮೇರ್’ ಎಂದರೆ ‘ಈಗ ತಾನೇ ಊಟ ಮಾಡಿದೆ’. ಕ್ರಿಯಾಪದ ವರ್ತಮಾನ ಕಾಲದಲ್ಲಿದೆ, ಅರ್ಥ ಮಾತ್ರ ಭೂತಕಾಲದ್ದು. ಹೊಸಬರು ಎಡವುವುದು ಇಲ್ಲೇ. ಇದನ್ನೇ ಹಿಂದಕ್ಕೆ ಸರಿಸಿ ‘ಅಕಬಾಬಾ ದೆ ಸಲೀರ್’ ಎಂದರೆ ‘ಆಗ ತಾನೇ ಹೊರಟಿದ್ದ’. ಕನ್ನಡದ ‘ಈಗ ತಾನೇ’, ‘ಆಗ ತಾನೇ’ ಗೊತ್ತಿದ್ದವರಿಗೆ ಇದು ನೀರು ಕುಡಿದಷ್ಟು ಸುಲಭ. ಇದರ ನಿಷೇಧರೂಪಕ್ಕೆ ಇನ್ನೊಂದು ಸೊಗಸಿದೆ. ‘ನೋ ಅಕಾಬೊ ದೆ ಎಂತೆಂದೇರ್’ ಎಂದರೆ ‘ಎಷ್ಟು ಯೋಚಿಸಿದರೂ ಪೂರ್ತಿ ಅರ್ಥವಾಗುತ್ತಿಲ್ಲ’ ಎಂಬ ಭಾವ.

ಮೂರನೆಯದು ‘ಕೋನ್’ ಜೊತೆ. ‘ಕೋನ್’ ಎಂದರೆ ‘ಜೊತೆ’ ಎಂದು ಕಲಿತಿರುತ್ತೀರಿ. ಆದರೆ ‘ಅಕಬಾರ್ ಕೋನ್’ ಎಂದರೆ ಒಂದನ್ನು ಇಲ್ಲವಾಗಿಸುವುದು. ಹಸಿವನ್ನು ನೀಗಿಸುವುದಕ್ಕೂ ಅದೇ ಮಾತು, ಮಕ್ಕಳು ಡಬ್ಬಿಯ ಉಂಡೆಯನ್ನೆಲ್ಲ ಖಾಲಿ ಮಾಡುವುದಕ್ಕೂ ಅದೇ ಮಾತು. ಇನ್ನೊಂದು ಎಚ್ಚರಿಕೆ: ದಕ್ಷಿಣ ಅಮೆರಿಕದ ಕೆಲವು ದೇಶಗಳಲ್ಲಿ ಅಕಬಾರ್‌ಗೆ ಅಸಭ್ಯವಾದ ಅರ್ಥವೂ ಇದೆ. ಅಲ್ಲಿಯವರ ಜೊತೆ ಮಾತನಾಡುವಾಗ ‘ತೆರ್ಮಿನಾರ್’ ಎಂದರೆ ಕ್ಷೇಮ.

ಈಗ ನಾಲ್ಕನೆಯದು. ನಾನು ಹೇಳಬೇಕೆಂದಿರುವುದೂ ಇದನ್ನೇ. ‘ಬೆಂದಿಯೆರೋನ್ ಲಾ ಕಾಸಾ’ ಎಂದರೆ ‘ಮನೆ ಮಾರಿದರು’. ‘ಅಕಬಾರೋನ್ ಬೆಂದಿಯೆಂದೊ ಲಾ ಕಾಸಾ’ ಎಂದರೆ, ಏನೇನೋ ಆಗಿ, ಹೇಗೆಹೇಗೋ ತಿರುಗಿ, ಕಡೆಗೆ ಮನೆ ಮಾರುವಲ್ಲಿಗೆ ಬಂದು ನಿಂತಿತು. ‘ಅಂತೂ ಇಂತೂ ಕುಂತಿ ಮಕ್ಕಳಿಗೆ ವನವಾಸ’ ಎಂಬ ಗಾದೆಯಲ್ಲಿರುವ ‘ಅಂತೂ ಇಂತೂ’ವನ್ನು ಸ್ಪ್ಯಾನಿಷ್‌ನವರು ಒಂದು ಕ್ರಿಯಾಪದದಲ್ಲೇ ಅಡಗಿಸಿದ್ದಾರೆ.

ಇದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀರಿ? ‘ಮಾರಿದರು’ ಎಂದರೆ ಬರಿಯ ಸುದ್ದಿ. ‘ಮಾರಿಬಿಟ್ಟರು’ ಎಂದರೆ ಇನ್ನು ಹಿಂದಕ್ಕೆ ಬಾರದು ಎಂಬ ವಿಷಾದ. ‘ಮಾರಬೇಕಾಯಿತು’ ಎಂದರೆ ಬೇರೆ ದಾರಿಯಿರಲಿಲ್ಲ. ‘ಮಾರುವಂತಾಯಿತು’ ಎಂದರೆ ಪರಿಸ್ಥಿತಿಯೇ ಅಲ್ಲಿಗೆ ತಂದಿತು, ಯಾರನ್ನೂ ದೂರುವಂತಿಲ್ಲ. ‘ಮಾರಿಕೊಂಡರು’ ಎಂದರೆ ಕಳೆದುಕೊಂಡ ನಷ್ಟವೆಲ್ಲ ಅವರದೇ. ಹಾಲು ಚೆಲ್ಲಿದ ಮಗು ‘ಚೆಲ್ಲಿಬಿಟ್ಟೆ’ ಎಂದರೆ ತಪ್ಪೊಪ್ಪಿಗೆ, ‘ಚೆಲ್ಲಿಹೋಯಿತು’ ಎಂದರೆ ಜಾರಿಕೊಳ್ಳುವ ಉಪಾಯ! ಸ್ಪ್ಯಾನಿಷ್‌ನವರೂ ಪೆನ್ನಿನ ಶಾಯಿ ಮುಗಿದಾಗ ‘ಸೆ ಮೆ ಅಕಬೋ ಲಾ ತಿಂತಾ’ ಎನ್ನುತ್ತಾರೆ. ಮುಗಿದದ್ದು ಶಾಯಿ, ನಾನು ಬರಿಯ ಬಾಧಿತ. ನಮ್ಮ ‘ಮುಗಿದುಹೋಯಿತು’ ಕೂಡ ಹಾಗೆಯೇ. ಹೈದರಾಬಾದಿನಲ್ಲಿರುವವರು ತೆಲುಗಿನ ‘ಅಯಿಪೋಯಿಂದಿ’ಯನ್ನು ನೆನೆಯಿರಿ, ಅದು ನಮ್ಮ ‘ಆಗಿಹೋಯಿತು’ವಿನ ಅಕ್ಕ.

ಬಿಡು, ಹೋಗು, ಕೊಳ್ಳು, ಬೇಕಾಗು. ಈ ಪುಟ್ಟ ಸಹಾಯಕ ಕ್ರಿಯಾಪದಗಳು ನಿಮ್ಮ ತಂದೆತಾಯಿಯರ ಮಾತಿನಲ್ಲಿ ತಾವಾಗಿ ಬರುತ್ತವೆ. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ತರುವ ನಿಮ್ಮ ಮಾತಿನಲ್ಲಿ ಮೊದಲು ಉದುರುವವೂ ಇವೇ. ಉದುರಿದರೆ ವಾಕ್ಯವೇನೂ ತಪ್ಪಾಗದು. ಆದರೆ ಊರಿನ ಹಳೆಯ ಮನೆಯ ವಿಷಯ ಬಂದಾಗ ತಂದೆ ‘ಮಾರುವಂತಾಯಿತಪ್ಪಾ’ ಎಂದರೆ, ನಿಮ್ಮ ಕಿವಿಗೆ ‘ಮಾರಿದರು’ ಎಂಬ ಸುದ್ದಿಯಷ್ಟೇ ಬೀಳುತ್ತದೆ. ಆ ‘ವಂತಾಯಿತು’ವಿನಲ್ಲಿ ಅವರು ಇಟ್ಟ ನೋವು ನಿಮ್ಮನ್ನು ಮುಟ್ಟುವುದಿಲ್ಲ. ಒಂದೇ ಮನೆಯಲ್ಲಿ, ಒಂದೇ ಭಾಷೆಯಲ್ಲಿ ಮಾತನಾಡುತ್ತಲೇ ಒಬ್ಬರಿಗೊಬ್ಬರು ದೂರವಾಗುವುದೆಂದರೆ ಇದೇ ತಾನೇ?

ಅಕಬಾರ್‌ನ ನಾಲ್ಕಾರು ಅರ್ಥಗಳನ್ನು ಪಟ್ಟಿ ಬರೆದು, ಉದಾಹರಣೆ ಹಾಕಿ, ಶ್ರದ್ಧೆಯಿಂದ ಕಲಿಯುತ್ತೀರಿ. ಆ ಶ್ರದ್ಧೆಯಲ್ಲಿ ಒಂದು ಪಾಲನ್ನು ಕನ್ನಡಕ್ಕೂ ಕೊಡಿ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಅಜ್ಜಿಯ ಮಾತಿನಲ್ಲಿ ‘ಬಿಡು’, ‘ಹೋಗು’, ‘ಕೊಳ್ಳು’ ಎಷ್ಟು ಸಲ ಬಂದವು, ಎಲ್ಲೆಲ್ಲಿ ಬಂದವು ಎಂದು ಗುರುತು ಹಾಕಿಕೊಳ್ಳಿ. ಅವುಗಳಲ್ಲಿ ಒಂದನ್ನು ಅದೇ ದಿನ ನೀವೂ ಬಳಸಿ ನೋಡಿ. ಅಜ್ಜಿಗೆ ಆಗುವ ಸಂತೋಷ ನಿಮಗೇ ಗೊತ್ತಾಗುತ್ತದೆ.